ಸ್ವಾಮಿಕಾರ್ಯ, ಸ್ವಕಾರ್ಯದ ಕಡಲೂರು

2016ರ ಸೆಪ್ಟೆಂಬರ್ 2ರಿಂದ 4ರವರೆಗೆ ಅಮೆರಿಕದ ಪೂರ್ವ ಕರಾವಳಿಯ ಅಟ್ಲಾಂಟಿಕ್ ಸಿಟಿಯಲ್ಲಿ ಕನ್ನಡದ ಸಂಭ್ರಮವಿತ್ತು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ತನ್ನ ಒಂಬತ್ತನೆಯ ವಿಶ್ವ ಕನ್ನಡ ಸಮ್ಮೇಳನವನ್ನು ನ್ಯೂಜೆರ್ಸಿ ರಾಜ್ಯದ ಈ ಊರಿನಲ್ಲಿ ನಡೆಸಿತು. ಆರಿಸಿಕೊಂಡ ದಿನಗಳಲ್ಲೇ ಒಂದು ಅನುಕೂಲವಿತ್ತು. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕ ದಿನದ ರಜೆ, ನಮ್ಮಲ್ಲಿ ಮೇ 1 ಇದ್ದಂತೆ. ಶನಿವಾರ, ಭಾನುವಾರಗಳಿಗೆ ಸೋಮವಾರವೂ ಕೂಡಿಕೊಂಡರೆ ಸಂಸಾರ ಸಮೇತ ಹೊರಡಲು ಅಡ್ಡಿಯಿಲ್ಲ. ಗೋಷ್ಠಿ ಕೇಳುವವರು ಗೋಷ್ಠಿ ಕೇಳಬಹುದು, ಮಕ್ಕಳು ಮರಳಿನಲ್ಲಿ ಆಡಬಹುದು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಸಮ್ಮೇಳನದ ನೆಪದಲ್ಲಿ ಸಮುದ್ರ ನೋಡುವುದು ಈಗ ನಮಗೂ ಹೊಸತಲ್ಲ. ಗೋವಾ, ಕೊಚ್ಚಿ, ವಿಶಾಖಪಟ್ಟಣಗಳ ಯಾವುದೇ ದೊಡ್ಡ ಹೋಟೆಲಿನಲ್ಲಿ ಈ ದೃಶ್ಯ ಕಾಣಸಿಗುತ್ತದೆ. ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿಕೊಂಡ ಗಂಡನೋ ಹೆಂಡತಿಯೋ ಹವಾನಿಯಂತ್ರಿತ ಸಭಾಂಗಣದಲ್ಲಿ. ಉಳಿದ ಸಂಸಾರ ನೀರಿನಂಚಿನಲ್ಲಿ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೆಡೆ. ವೈದ್ಯರ ಸಂಘವಿರಲಿ, ವಿಮಾ ಕಂಪೆನಿಯಿರಲಿ, ಪ್ರಾಧ್ಯಾಪಕರ ಪರಿಷತ್ತಿರಲಿ, ಊರು ಸಮುದ್ರ ತೀರದ್ದಾದರೆ ಹಾಜರಾತಿ ತಾನಾಗಿ ಏರುತ್ತದೆ ಎಂಬುದು ಸಂಘಟಕರಿಗೆಲ್ಲ ಗೊತ್ತಿರುವ ಗುಟ್ಟು.

ಈ ಏರ್ಪಾಟು ತಾನಾಗಿ ಹುಟ್ಟಿದ್ದಲ್ಲ. ಅದನ್ನೊಂದು ಉದ್ಯಮವಾಗಿ ಬೆಳೆಸಿ, ಅದರಿಂದಲೇ ಉಂಡು, ಅದು ಕೈಬಿಟ್ಟಾಗ ಸೊರಗಿದ ಊರು ಅಟ್ಲಾಂಟಿಕ್ ಸಿಟಿ. ಅದರ ಕಥೆಯಲ್ಲಿ ರಜೆ ಅನುಭವಿಸಿದವರಷ್ಟೇ ಅಲ್ಲ, ಅವರ ರಜೆಗಾಗಿ ದುಡಿದವರೂ ಇದ್ದಾರೆ.

ರೈಲು ತಂದ ಊರು

ಫಿಲಡೆಲ್ಫಿಯಾ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ಅಬ್ಸೀಕನ್ ಎಂಬ ಉದ್ದನೆಯ ಮರಳು ದ್ವೀಪವಿದೆ. 1850ರ ಹೊತ್ತಿಗೆ ಅಲ್ಲಿ ಮರಳುದಿಬ್ಬ, ಜೌಗು, ಸೊಳ್ಳೆ ಮತ್ತು ಬೆರಳೆಣಿಕೆಯ ಮನೆಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹತ್ತಿರದ ಹಳ್ಳಿಯಲ್ಲಿ ವೈದ್ಯನಾಗಿದ್ದ ಜೊನಾಥನ್ ಪಿಟ್ನಿಗೆ ಕಡಲ ಗಾಳಿ, ಕಡಲ ಸ್ನಾನಗಳೇ ಮದ್ದು ಎಂಬ ನಂಬಿಕೆ. ಫಿಲಡೆಲ್ಫಿಯಾದ ಹೊಗೆ ಮತ್ತು ಸೆಕೆಯಲ್ಲಿ ಬೇಯುತ್ತಿದ್ದವರನ್ನು ಇಲ್ಲಿಗೆ ಕರೆತಂದರೆ ಅವರಿಗೆ ಆರೋಗ್ಯ, ಇಲ್ಲಿನವರಿಗೆ ಹಣ ಎಂಬುದು ಅವನ ಲೆಕ್ಕ. ಅದಕ್ಕೆ ರೈಲು ಬೇಕಿತ್ತು. ದಾರಿಯಲ್ಲಿದ್ದ ಗಾಜು, ಕಬ್ಬಿಣದ ಕಾರ್ಖಾನೆಗಳ ಮಾಲೀಕರಿಗೂ ತಮ್ಮ ಸರಕು ಸಾಗಿಸಲು ರೈಲು ಬೇಕಿತ್ತು. ಇಬ್ಬರ ಅಗತ್ಯವೂ ಕೂಡಿಬಂದು, 1854ರ ಜುಲೈ 1ರಂದು ಮೊದಲ ರೈಲು ಸುಮಾರು 600 ಅತಿಥಿಗಳನ್ನು ಹೊತ್ತು ಬಂತು. ಊರು ಬೆಳೆದ ಮೇಲೆ ರೈಲು ಬರುವುದು ವಾಡಿಕೆ. ಇಲ್ಲಿ ರೈಲೇ ಊರನ್ನು ತಂದು ಇಳಿಸಿತು.

ಊರಿಗೆ ಹೆಸರಿಟ್ಟು ನಕ್ಷೆ ಬರೆದವನು ರೈಲ್ವೆ ಎಂಜಿನಿಯರ್ ರಿಚರ್ಡ್ ಆಸ್‌ಬರ್ನ್. ತೀರಕ್ಕೆ ಸಮಾನಾಂತರವಾದ ಬೀದಿಗಳಿಗೆ ಪೆಸಿಫಿಕ್, ಅಟ್ಲಾಂಟಿಕ್, ಬಾಲ್ಟಿಕ್, ಮೆಡಿಟರೇನಿಯನ್ ಎಂದು ಸಾಗರಗಳ ಹೆಸರು. ಅವನ್ನು ಕತ್ತರಿಸಿ ಕಡಲಿನತ್ತ ಇಳಿಯುವ ಅಡ್ಡಬೀದಿಗಳಿಗೆ ಅಮೆರಿಕದ ರಾಜ್ಯಗಳ ಹೆಸರು. ಈ ಹೆಸರುಗಳನ್ನು ಎಲ್ಲೋ ಕೇಳಿದ್ದೇವೆ ಅನ್ನಿಸಿದರೆ ಅಚ್ಚರಿಯಿಲ್ಲ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿ ಮಾರುಕಟ್ಟೆಗೆ ತಂದ ‘ಮೊನೊಪಲಿ’ ಆಟದ ಹಾಸಿನ ಮೇಲಿರುವುದು ಇದೇ ಊರಿನ ಬೀದಿಗಳು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಮುಂಬಯಿ, ದೆಹಲಿಗಳನ್ನು ಕೊಂಡು ಮಾರುವ ‘ಬಿಸಿನೆಸ್’ ಆಟ ಅದರ ತಮ್ಮ. ಅಮೆರಿಕದ ಆ ಹಾಸಿನಲ್ಲಿ ಅತಿ ಅಗ್ಗದ ಬೀದಿಗಳು ಬಾಲ್ಟಿಕ್ ಮತ್ತು ಮೆಡಿಟರೇನಿಯನ್, ತಲಾ 60 ಡಾಲರ್. ಅತಿ ದುಬಾರಿಯಾದದ್ದು ‘ಬೋರ್ಡ್‌ವಾಕ್’, 400 ಡಾಲರ್. ಈ ಬೆಲೆಗಳ ಹಿಂದೆ ಯಾರು ಎಲ್ಲಿ ವಾಸವಾಗಿದ್ದರು ಎಂಬ ಲೆಕ್ಕವೂ ಇದೆ. ಆ ಮಾತು ಮುಂದೆ ಬರುತ್ತದೆ.

ಬೋರ್ಡ್‌ವಾಕ್ ಎಂದರೆ ಮರದ ಹಲಗೆಗಳ ಕಾಲುದಾರಿ. ಅಟ್ಲಾಂಟಿಕ್ ಸಿಟಿಯ ಹೆಸರನ್ನು ಜಗತ್ತಿಗೆ ಹಬ್ಬಿಸಿದ ಈ ದಾರಿ ಹುಟ್ಟಿದ್ದು ಕಸ ಗುಡಿಸುವ ತಲೆನೋವಿನಿಂದ. ತೀರದಲ್ಲಿ ಓಡಾಡಿ ಬಂದವರ ಬೂಟು, ಲಂಗಗಳಿಂದ ರೈಲಿನ ಸೀಟಿಗೂ ಹೋಟೆಲಿನ ಜಮಖಾನಕ್ಕೂ ಮರಳು ಉದುರುತ್ತಿತ್ತು. ರೈಲ್ವೆ ಕಂಡಕ್ಟರ್ ಅಲೆಕ್ಸಾಂಡರ್ ಬೋರ್ಡ್‌ಮನ್ ಮತ್ತು ಹೋಟೆಲ್ ಮಾಲೀಕ ಜೇಕಬ್ ಕೀಮ್ ಇದಕ್ಕೊಂದು ಪರಿಹಾರ ಬೇಕೆಂದು ನಗರಸಭೆಯ ಮೊರೆಹೊಕ್ಕರು. 1870ರ ಜೂನ್‌ನಲ್ಲಿ 8 ಅಡಿ ಅಗಲದ, ಒಂದು ಮೈಲಿ ಉದ್ದದ ಹಲಗೆ ದಾರಿ ಸಿದ್ಧವಾಯಿತು. ಚಳಿಗಾಲ ಬಂದರೆ ಹಲಗೆಗಳನ್ನು ಕಿತ್ತು ಒಳಗಿಡುತ್ತಿದ್ದರು. ಕಾಲಕ್ರಮದಲ್ಲಿ ಅದು ಅಗಲವಾಯಿತು, ಎತ್ತರವಾಯಿತು, ಶಾಶ್ವತವಾಯಿತು, 4 ಮೈಲಿಯಷ್ಟು ಉದ್ದವಾಯಿತು. 1887ರ ಹೊತ್ತಿಗೆ ಅದರ ಮೇಲೆ ಬೆತ್ತದ ಗಾಲಿಕುರ್ಚಿಗಳು ಬಂದವು. ಮೊದಲು ಅವು ರೋಗಿಗಳಿಗಾಗಿ. ಆದರೆ ಕುಳಿತು, ಬೇರೊಬ್ಬರಿಂದ ತಳ್ಳಿಸಿಕೊಂಡು ಗಾಳಿ ಸೇವಿಸುವ ಸುಖ ಆರೋಗ್ಯವಂತರಿಗೂ ಬಹುಬೇಗ ಹಿಡಿಸಿತು.

ಖಾಲಿ ಕೋಣೆಯ ಚಿಂತೆ

1877ರಲ್ಲಿ ಎರಡನೆಯ ರೈಲು ಮಾರ್ಗ ಬಂದು ಪೈಪೋಟಿಯಲ್ಲಿ ಟಿಕೆಟ್ ದರ ಇಳಿಯಿತು. ಫಿಲಡೆಲ್ಫಿಯಾದ ಕಾರ್ಖಾನೆ ಕೆಲಸಗಾರರು ಭಾನುವಾರ ಬೆಳಗ್ಗೆ ಬಂದು ರಾತ್ರಿ ಮರಳತೊಡಗಿದರು. ಅವರ ಬುತ್ತಿ ಹಳೆಯ ಬೂಟಿನ ಪೆಟ್ಟಿಗೆಗಳಲ್ಲಿ ಬರುತ್ತಿದ್ದುದರಿಂದ ಊರಿನವರು ಅವರನ್ನು ‘ಶೂಬಿ’ಗಳೆಂದು ಹಂಗಿಸುತ್ತಿದ್ದರು. ಬುತ್ತಿ ತಂದವನಿಂದ ಹೋಟೆಲಿನವನಿಗೆ ಏನು ಲಾಭ? ಹೋಟೆಲಿಗೆ ಬೇಕಾದವನು ನಾಲ್ಕು ರಾತ್ರಿ ತಂಗುವವನು.

ಅದಕ್ಕಿಂತ ದೊಡ್ಡ ಚಿಂತೆ ಋತುವಿನದು. ಸಮುದ್ರದ ನೀರಿಗಿಳಿಯುವ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಾತ್ರ. ಆದರೆ ಹೋಟೆಲಿನ ಸಾಲಕ್ಕೆ ಹನ್ನೆರಡು ತಿಂಗಳೂ ಬಡ್ಡಿ ಏರುತ್ತದೆ. ಈ ಹೊಂಡವನ್ನು ತುಂಬಲು ಊರಿನ ವರ್ತಕರು ಕಂಡುಕೊಂಡ ಉಪಾಯವೇ ಸಮ್ಮೇಳನ. ವೃತ್ತಿ ಸಂಘಗಳು ಒಮ್ಮೆಗೇ ಸಾವಿರಾರು ಜನರನ್ನು ಕರೆತರುತ್ತವೆ. ಅವು ಮೇ ತಿಂಗಳ ತಂಪಿನಲ್ಲಾದರೂ ಸೇರುತ್ತವೆ, ಅಕ್ಟೋಬರ್‌ನಲ್ಲಾದರೂ ಸೇರುತ್ತವೆ. ಅನೇಕ ಪ್ರತಿನಿಧಿಗಳ ಖರ್ಚನ್ನು ಸಂಸ್ಥೆಯೋ ಕಂಪೆನಿಯೋ ಭರಿಸುತ್ತದೆ. ಅಂಥ ಪ್ರತಿನಿಧಿ ಒಬ್ಬನೇ ಬಂದರೆ ಒಂದು ಊಟ. ಹೆಂಡತಿ ಮಕ್ಕಳೊಂದಿಗೆ ಬಂದರೆ ನಾಲ್ಕು ಊಟ, ನಾಲ್ಕು ಐಸ್‌ಕ್ರೀಂ, ಊರಿಗೆ ಒಯ್ಯಲು ‘ಸಾಲ್ಟ್ ವಾಟರ್ ಟಾಫಿ’ಯ ಡಬ್ಬ. ಆದ್ದರಿಂದ ಈ ಊರು ಸಮ್ಮೇಳನವನ್ನು ಮಾರುವಾಗ ಸಭಾಂಗಣವನ್ನಷ್ಟೇ ಮಾರಲಿಲ್ಲ. ಮನೆಯಲ್ಲಿ ‘ನಮ್ಮನ್ನೂ ಕರೆದುಕೊಂಡು ಹೋಗಿ’ ಎಂದು ಏಳುವ ಬೇಡಿಕೆಯನ್ನೂ ಮಾರಿತು.

1921ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಮಿಸ್ ಅಮೆರಿಕ’ ಸ್ಪರ್ಧೆಯೂ ಇದೇ ಲೆಕ್ಕದ ಕೂಸು. ಕಾರ್ಮಿಕ ದಿನ ಮುಗಿದೊಡನೆ ಗಂಟುಮೂಟೆ ಕಟ್ಟುತ್ತಿದ್ದ ಪ್ರವಾಸಿಗರನ್ನು ಇನ್ನೊಂದು ವಾರ ಹಿಡಿದಿಡುವುದು ವ್ಯಾಪಾರಿಗಳ ಉದ್ದೇಶ. ಮೊದಲ ಕಿರೀಟ ಧರಿಸಿದ ವಾಷಿಂಗ್ಟನ್ನಿನ ಮಾರ್ಗರೆಟ್ ಗೋರ್ಮನ್‌ಗೆ ಆಗ 16 ವರ್ಷ. ಸೌಂದರ್ಯ ಸ್ಪರ್ಧೆಯ ಕುರಿತು ಆಮೇಲೆ ನಡೆದ ಚರ್ಚೆ, ಪ್ರತಿಭಟನೆಗಳೆಲ್ಲ ಬೇರೆ ಮಾತು. ಹುಟ್ಟಿನಲ್ಲಿ ಅದು ಹೋಟೆಲ್ ಕೋಣೆ ತುಂಬಿಸುವ ಯೋಜನೆ.

ಈ ಊರನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ವೈದ್ಯರು. ಅಮೆರಿಕನ್ ವೈದ್ಯಕೀಯ ಸಂಘ ಮತ್ತೆ ಮತ್ತೆ ಇಲ್ಲಿ ಸೇರಿತು. 1947ರಲ್ಲಿ ತನ್ನ ನೂರನೆಯ ವರ್ಷವನ್ನೂ ಇಲ್ಲೇ ಆಚರಿಸಿತು. ಗಂಡಂದಿರು ಶಸ್ತ್ರಚಿಕಿತ್ಸೆಯ ಉಪನ್ಯಾಸ ಕೇಳುವಾಗ ಹೆಂಡತಿಯರು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸಿಕ್ಕ ಉತ್ತರ ಸ್ವಾರಸ್ಯಕರ. ವೈದ್ಯರ ಪತ್ನಿಯರು 1922ರಲ್ಲಿ ತಮ್ಮದೇ ಮಹಿಳಾ ಸಂಘ ಕಟ್ಟಿಕೊಂಡರು. ಅದಕ್ಕೂ ಅಧ್ಯಕ್ಷೆ, ಕಾರ್ಯದರ್ಶಿ, ವಾರ್ಷಿಕ ಅಧಿವೇಶನ. ಅಧಿವೇಶನ ನಡೆಯುತ್ತಿದ್ದುದು ಗಂಡಂದಿರ ಅಧಿವೇಶನದ ಊರಿನಲ್ಲೇ, ಅದೇ ದಿನಗಳಲ್ಲೇ. ಜೊತೆಗೆ ಬಂದವರು ಪ್ರೇಕ್ಷಕರಾಗಿ ಉಳಿಯದೆ ಪ್ರತಿನಿಧಿಗಳಾದರು. ವೃತ್ತಿಯ ಬಾಗಿಲು ಹೆಚ್ಚಿನ ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ ಇದು ಪಕ್ಕದ ಬಾಗಿಲು.

ಪ್ರಯೋಗಾಲಯಗಳ ವೈದ್ಯ ವಿಜ್ಞಾನಿಗಳಿಗೂ ದಶಕಗಳ ಕಾಲ ಮೇ ತಿಂಗಳೆಂದರೆ ಅಟ್ಲಾಂಟಿಕ್ ಸಿಟಿ. 1941ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹೆನ್ರಿ ಡಾಸನ್ ಪೆನಿಸಿಲಿನ್ ಎಂಬ ಹೊಸ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಿದ ಫಲಿತಾಂಶವನ್ನು ಸಹೋದ್ಯೋಗಿಗಳ ಮುಂದಿಟ್ಟದ್ದು ಇಲ್ಲಿಯೇ. ಆ ಪೀಳಿಗೆಯ ವೈದ್ಯರ ನೆನಪುಗಳಲ್ಲಿ ಉಪನ್ಯಾಸದಷ್ಟೇ ಹಲಗೆ ದಾರಿಯೂ ಬರುತ್ತದೆ. ಹಿರಿಯ ಪ್ರಾಧ್ಯಾಪಕರ ಜೊತೆ ಹೆಜ್ಜೆ ಹಾಕುತ್ತಾ ಹೊಸಬರು ಹುದ್ದೆಯ ಮಾತು ತೆಗೆಯುತ್ತಿದ್ದುದು, ಯಾವ ವಿಶ್ವವಿದ್ಯಾಲಯದಲ್ಲಿ ಯಾರು ಬಿಡುತ್ತಾರೆ, ಯಾರು ಸೇರುತ್ತಾರೆ ಎಂಬ ಸುದ್ದಿ ವಿನಿಮಯವಾಗುತ್ತಿದ್ದುದು ಅಲ್ಲಿ. ಸಮ್ಮೇಳನದ ನಿಜವಾದ ಕೆಲಸ ಸಭಾಂಗಣದ ಹೊರಗೇ ನಡೆಯುತ್ತದೆ ಎಂಬುದನ್ನು ಯಾವ ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ನಿಂತವರೂ ಒಪ್ಪುತ್ತಾರೆ.

ಎಲ್ಲ ಸಮ್ಮೇಳನಗಳೂ ಇಷ್ಟು ಸೌಮ್ಯವಾಗಿರಲಿಲ್ಲ. 1935ರ ಅಕ್ಟೋಬರ್‌ನಲ್ಲಿ ಇಲ್ಲಿ ನಡೆದ ಅಮೆರಿಕನ್ ಕಾರ್ಮಿಕ ಒಕ್ಕೂಟದ ಅಧಿವೇಶನದಲ್ಲಿ ಗಣಿ ಕಾರ್ಮಿಕರ ನಾಯಕ ಜಾನ್ ಲೂಯಿಸ್ ಬಡಗಿಗಳ ನಾಯಕ ವಿಲಿಯಂ ಹಚಿಸನ್‌ನ ಮುಖಕ್ಕೆ ಗುದ್ದಿದ. ಕೆಲವೇ ವಾರಗಳಲ್ಲಿ ಅಮೆರಿಕದ ಕಾರ್ಮಿಕ ಚಳವಳಿ ಇಬ್ಭಾಗದತ್ತ ಸಾಗಿತು. 1929ರ ಮೇ ತಿಂಗಳಲ್ಲಿ ಇನ್ನೂ ವಿಚಿತ್ರವಾದ ಸಮ್ಮೇಳನ. ಪಾನನಿಷೇಧದ ಆ ಕಾಲದಲ್ಲಿ ಕಳ್ಳಮದ್ಯದ ದೊರೆಗಳು ಬೇರೆ ಬೇರೆ ನಗರಗಳಿಂದ ಬಂದು ಇಲ್ಲಿ ಸೇರಿದರು. ಆತಿಥೇಯ, ಊರಿನ ರಾಜಕೀಯ ಯಜಮಾನ ಈನಕ್ ‘ನಕ್ಕಿ’ ಜಾನ್ಸನ್. ಅತಿಥಿಗಳಲ್ಲಿ ಶಿಕಾಗೊದ ಆಲ್ ಕಪೋನ್ ಇದ್ದ. ಅದೇ ತಿಂಗಳು ಮದುವೆಯಾಗಿದ್ದ ಮೇಯರ್ ಲ್ಯಾನ್ಸ್‌ಕಿ ಹೊಸ ಹೆಂಡತಿಯೊಂದಿಗೆ ಮಧುಚಂದ್ರವನ್ನೂ ಇಲ್ಲೇ ಮುಗಿಸಿಕೊಂಡ ಎಂಬ ಮಾತಿದೆ. ಮನೆಮಂದಿಯ ವಿಹಾರಕ್ಕೂ ಕಸುಬಿನ ಸಭೆಗೂ ಒಂದೇ ಟಿಕೆಟ್ ಎಂಬ ವಿದ್ಯೆಯಲ್ಲಿ ಭೂಗತರೂ ವೈದ್ಯರಿಗಿಂತ ಹಿಂದೆ ಬಿದ್ದಿರಲಿಲ್ಲ! ಕಪೋನ್ ಮಾತ್ರ ಮರಳುವ ದಾರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅಕ್ರಮ ಪಿಸ್ತೂಲಿನೊಂದಿಗೆ ಸಿಕ್ಕಿಬಿದ್ದು ಒಂದು ವರ್ಷದ ಶಿಕ್ಷೆಗೆ ಗುರಿಯಾದ.

ಅದೇ ಮೇ ತಿಂಗಳ 31ರಂದು ಹಲಗೆ ದಾರಿಯ ಪಕ್ಕದಲ್ಲಿ ಊರಿನ ಕಿರೀಟವಾದ ಕನ್ವೆನ್ಷನ್ ಹಾಲ್ ಉದ್ಘಾಟನೆಯಾಯಿತು. ಒಳಗೆ ಒಂದೂ ಕಂಬವಿಲ್ಲದ ಮಹಾ ಸಭಾಂಗಣ ಅದು. ಸುಮಾರು 40 ಸಾವಿರ ಜನ ಹಿಡಿಸುತ್ತದೆ ಎಂದು ಸಾರಲಾಯಿತು. ಅಲ್ಲಿ ಕೂಡಿಸಿದ ಪೈಪ್ ಆರ್ಗನ್ ವಾದ್ಯಕ್ಕೆ 33 ಸಾವಿರಕ್ಕೂ ಹೆಚ್ಚು ಕೊಳವೆಗಳು. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. 1930ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 66,198. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಸಭಾಂಗಣ ಯಾತಕ್ಕೆ ಎಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ಅದು ಊರಿನವರಿಗಾಗಿ ಕಟ್ಟಿದ್ದಲ್ಲ.

ರಜೆಯೋ, ಕೆಲಸವೋ?

ಗಂಡನ ಸಮ್ಮೇಳನಕ್ಕೆ ಹೆಂಡತಿ ಹೋದರೆ ಅದು ಕೆಲಸವೇ, ವಿಹಾರವೇ? ಮನೆಯಲ್ಲಿ ಇದು ನಗೆಚಾಟಿಕೆಯ ಪ್ರಶ್ನೆ. ತೆರಿಗೆ ಇಲಾಖೆಗೆ ಹಾಗಲ್ಲ. ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ತಲೆಕೆಡಿಸಿಕೊಂಡಿವೆ.

1956ರಲ್ಲಿ ಟೆಕ್ಸಾಸ್ ರಾಜ್ಯದ ಒಂದು ವಿಮಾ ಕಂಪೆನಿ ಹೆಚ್ಚು ಪಾಲಿಸಿ ಮಾರಿದ ಏಜೆಂಟರನ್ನು ಅವರ ಪತ್ನಿಯರ ಸಮೇತ ನ್ಯೂಯಾರ್ಕಿಗೆ ಕರೆದೊಯ್ದು ಸಮ್ಮೇಳನ ನಡೆಸಿತು. ನ್ಯೂಯಾರ್ಕಿನಲ್ಲಿ ಕಳೆದದ್ದು ಎರಡೂವರೆ ದಿನ. ಅದರಲ್ಲಿ ವ್ಯವಹಾರದ ಸಭೆಗೆ ಮೀಸಲಾದದ್ದು ಒಂದು ಬೆಳಗು ಮತ್ತು ಒಂದು ಊಟ. ಉಳಿದದ್ದೆಲ್ಲ ಊರು ಸುತ್ತಾಟ, ಮನರಂಜನೆ. ಒಟ್ಟು ಖರ್ಚು 80 ಸಾವಿರ ಡಾಲರ್; ಒಬ್ಬ ಏಜೆಂಟ್ ದಂಪತಿಯ ಪಾಲು 560 ಡಾಲರ್. ಅದು ಆ ದಂಪತಿಗೆ ಸಿಕ್ಕ ಬಹುಮಾನ, ಆದ್ದರಿಂದ ಆದಾಯ, ಆದ್ದರಿಂದ ತೆರಿಗೆ ಕಟ್ಟಬೇಕು ಎಂದಿತು ಇಲಾಖೆ. ದಂಪತಿ ಹಟ ಬಿಡಲಿಲ್ಲ. 560 ಡಾಲರಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1962ರಲ್ಲಿ ಸುಪ್ರೀಂ ಕೋರ್ಟು ಇದು ತಾನು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆಯೇ ಅಲ್ಲವೆಂದು ಕೈಬಿಟ್ಟಿತು. ಕೆಳಗಿನ ತೀರ್ಪು ಉಳಿಯಿತು, ತೆರಿಗೆಯೂ ಉಳಿಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿಯ ಅಣ್ಣ, ಕಂಪೆನಿಯ ಮುಖ್ಯಸ್ಥ ರಾಯ್ ಡಿಸ್ನಿ ವ್ಯವಹಾರದ ಪ್ರವಾಸಗಳಿಗೆ ಪತ್ನಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆಕೆಯ ಖರ್ಚನ್ನು ವ್ಯವಹಾರದ ಖರ್ಚೆಂದು ಒಪ್ಪಲು ಇಲಾಖೆ ನಿರಾಕರಿಸಿತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಡಿಸ್ನಿ ದಂಪತಿಯ ಪರ ನಿಂತಿತು. ಸಂಸಾರಸ್ಥರಿಗೆ ಸಿನಿಮಾ ಮಾರುವ ಕಂಪೆನಿಯ ಮುಖ್ಯಸ್ಥನ ಪಕ್ಕದಲ್ಲಿ ಹೆಂಡತಿ ಇರುವುದು ಕಂಪೆನಿಯ ವರ್ಚಸ್ಸಿಗೇ ಬೇಕಾದದ್ದು ಎಂಬ ವಾದ ಗೆದ್ದಿತು. ಪಾಪ, ವಿಮಾ ಏಜೆಂಟನಿಗೆ ಕಾಯಬೇಕಾದ ಅಂಥ ವರ್ಚಸ್ಸು ಇರಲಿಲ್ಲ. 1993ರಲ್ಲಿ ಕಾಯಿದೆಯನ್ನೇ ಬಿಗಿಗೊಳಿಸಿ, ಜೊತೆಗೆ ಬರುವ ಗಂಡ ಅಥವಾ ಹೆಂಡತಿ ಅದೇ ಸಂಸ್ಥೆಯ ನೌಕರರಾಗಿದ್ದು ಅವರಿಗೂ ಕೆಲಸವಿದ್ದರೆ ಮಾತ್ರ ವಿನಾಯಿತಿ ಎಂದು ನಿಗದಿ ಮಾಡಲಾಯಿತು. ನಮ್ಮ ಸರ್ಕಾರಿ ನೌಕರರ ಎಲ್‌ಟಿಸಿ ಈ ದೃಷ್ಟಿಯಿಂದ ಪ್ರಾಮಾಣಿಕ ವ್ಯವಸ್ಥೆ. ಪ್ರವಾಸಕ್ಕೆ ಪ್ರವಾಸವೆಂದೇ ಅರ್ಜಿ ಹಾಕಬಹುದು, ಸಮ್ಮೇಳನದ ಬಿಲ್ಲೆ ಬೇಕಿಲ್ಲ.

ಕುರ್ಚಿ ತಳ್ಳಿದವರು

ಈ ವಾದಗಳಲ್ಲೆಲ್ಲ ಚರ್ಚೆ ಕುರ್ಚಿಯಲ್ಲಿ ಕುಳಿತವರ ಬಗ್ಗೆ. ಕುರ್ಚಿ ತಳ್ಳುತ್ತಿದ್ದವರು ಯಾರು?

ಅಟ್ಲಾಂಟಿಕ್ ಸಿಟಿಯ ಗಾಲಿಕುರ್ಚಿ ತಳ್ಳಿದವರು, ಕೋಣೆ ಗುಡಿಸಿದವರು, ಅಡುಗೆ ಮಾಡಿದವರು, ತಟ್ಟೆ ತೊಳೆದವರಲ್ಲಿ ಬಹುಪಾಲು ಆಫ್ರಿಕನ್-ಅಮೆರಿಕನ್ನರು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳ ಜೀತ, ಗೇಣಿಗಳಿಂದ ಬಿಡಿಸಿಕೊಂಡು ಹೋಟೆಲ್ ಕೆಲಸ ಹುಡುಕಿಕೊಂಡು ಬಂದ ಜನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರಿನ ಖಾಯಂ ನಿವಾಸಿಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಅವರೇ. ರೈಲು ಹಳಿಯ ಉತ್ತರಕ್ಕಿದ್ದ ‘ನಾರ್ತ್‌ಸೈಡ್’ ಅವರ ಬಡಾವಣೆ. ಬಾಲ್ಟಿಕ್, ಮೆಡಿಟರೇನಿಯನ್ ಬೀದಿಗಳು ಹಾಯುವುದು ಅಲ್ಲಿಯೇ. ಮೊನೊಪಲಿ ಹಾಸಿನ 60 ಡಾಲರಿನ ಚೌಕಗಳಿಗೂ ಹೋಟೆಲಿನ ಹಿಂಬಾಗಿಲಿಗೂ ಇದ್ದ ನಂಟು ಇದು.

ಮೊದಮೊದಲು ತೀರ ಎಲ್ಲರದಾಗಿತ್ತು. ಶ್ರೀಮಂತ ಬಿಳಿಯ ಅತಿಥಿಗಳು ಹೆಚ್ಚಿದಂತೆ, ಅದರಲ್ಲೂ ದಕ್ಷಿಣದವರು ಬರತೊಡಗಿದಂತೆ, ಹೋಟೆಲ್ ಮಾಲೀಕರು ಕಪ್ಪು ವರ್ಣದವರನ್ನು ತಮ್ಮ ಕಟ್ಟಡಗಳ ಮುಂದಿನ ಮರಳಿನಿಂದ ದೂರ ಸರಿಸಿದರು. ಕೊನೆಗೆ ಅವರಿಗೆ ಉಳಿದದ್ದು ಮಿಸೌರಿ ಬೀದಿಯ ಕೊನೆಯ ಒಂದು ತುಂಡು ತೀರ. ಹೋಟೆಲುಗಳಲ್ಲಿ ಪ್ರವೇಶವಿಲ್ಲದ್ದರಿಂದ ಅವರು ಮನೆಯಿಂದ ಕೋಳಿಯ ಬುತ್ತಿ ತರುತ್ತಿದ್ದರು. ಅದರಿಂದ ತೀರಕ್ಕೆ ‘ಚಿಕನ್ ಬೋನ್ ಬೀಚ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಹಂಗಿಸಿದ ಹೆಸರನ್ನೇ ಅವರು ಹೆಮ್ಮೆಯಿಂದ ಉಳಿಸಿಕೊಂಡರು. ಕೆಂಟಕಿ ಬೀದಿಯಲ್ಲಿ 1935ರಲ್ಲಿ ಆರಂಭವಾದ ‘ಕ್ಲಬ್ ಹಾರ್ಲೆಂ’ನ ಸಂಗೀತ ಕೇಳಲು ಬಿಳಿಯರೂ ರಾತ್ರಿ ಸಾಲುಗಟ್ಟಿ ಬರುತ್ತಿದ್ದರು. ಬೆಳಗಾದರೆ ಮರಳು ಮತ್ತೆ ಎರಡು ಹೋಳು.

ಎರಡನೆಯ ಮಹಾಯುದ್ಧದಲ್ಲಿ ಸೇನೆ ಇಲ್ಲಿನ ಹೋಟೆಲುಗಳನ್ನು ವಶಕ್ಕೆ ತೆಗೆದುಕೊಂಡು ತರಬೇತಿ ಶಿಬಿರ ಮಾಡಿತು. ಹ್ಯಾಡನ್ ಹಾಲ್ ಎಂಬ ಭವ್ಯ ಹೋಟೆಲು ಕೈಕಾಲು ಕಳೆದುಕೊಂಡ ಸೈನಿಕರ ಆಸ್ಪತ್ರೆಯಾಯಿತು. ಯುದ್ಧದ ನಡುವೆಯೇ, 1943ರ ನವೆಂಬರ್‌ನಲ್ಲಿ, 44 ರಾಷ್ಟ್ರಗಳ ಪ್ರತಿನಿಧಿಗಳು ಕ್ಲಾರಿಜ್ ಹೋಟೆಲಿನಲ್ಲಿ ಸೇರಿದರು. ಯುದ್ಧದಿಂದ ಜರ್ಜರಿತವಾದ ದೇಶಗಳಿಗೆ ಅನ್ನ, ಬಟ್ಟೆ, ಔಷಧ ಒದಗಿಸುವ ‘ಅನ್ರಾ’ ಸಂಸ್ಥೆಯ ಮೊದಲ ಅಧಿವೇಶನವದು. ಬ್ರಿಟಿಷ್ ಆಳ್ವಿಕೆಯ ಭಾರತದ ಪರವಾಗಿ ಬಂದವರು ಸರ್ ಗಿರಿಜಾಶಂಕರ ಬಾಜಪೇಯಿ. ಅದೇ ವಾರಗಳಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಲಕ್ಷಗಟ್ಟಲೆ ಸಾಯುತ್ತಿದ್ದರು. ಆದರೆ ಸಂಸ್ಥೆಯ ನೆರವು ಶತ್ರುವಿನ ಹಿಡಿತದಿಂದ ಬಿಡುಗಡೆಯಾದ ಪ್ರದೇಶಗಳಿಗಾಗಿ ಎಂಬ ನಿಯಮವಿತ್ತು. ಬಂಗಾಳವನ್ನು ಶತ್ರು ಹಿಡಿದಿರಲಿಲ್ಲ. ಆದ್ದರಿಂದ ಅದು ನೆರವಿನ ವ್ಯಾಪ್ತಿಗೆ ಬರಲಿಲ್ಲ. ಭಾರತ ನೆರವು ಕೊಡುವವರ ಸಾಲಿನಲ್ಲಿ ಕುಳಿತಿತ್ತು. ಹಲಗೆ ದಾರಿಯ ಪಕ್ಕದ ಸಭೆಗಳಲ್ಲಿ ತೀರ್ಮಾನವಾದ ಸಂಗತಿಗಳು ಎಷ್ಟು ದೂರದವರ ತಟ್ಟೆಯನ್ನು ಮುಟ್ಟುತ್ತಿದ್ದವು, ಅಥವಾ ಮುಟ್ಟದೆ ಹೋಗುತ್ತಿದ್ದವು ಎಂಬುದಕ್ಕೆ ಇದೊಂದು ಸಾಕ್ಷಿ.

ಯುದ್ಧ ಮುಗಿದ ಮೇಲೆ ಊರಿನ ಅದೃಷ್ಟ ಇಳಿಯತೊಡಗಿತು. ಮನೆಗೊಂದು ಕಾರು ಬಂದು ಜನ ರೈಲನ್ನು ಬಿಟ್ಟರು. ಜೆಟ್ ವಿಮಾನ ಬಂದು ಫ್ಲಾರಿಡಾ ಕೆಲವೇ ಗಂಟೆಗಳ ದಾರಿಯಾಯಿತು. ಹವಾನಿಯಂತ್ರಣ ಬಂದ ಮೇಲೆ ಸೆಕೆಯಿಂದ ಪಾರಾಗಲು ಕಡಲಿಗೇ ಓಡಬೇಕಾದ ಅಗತ್ಯ ಉಳಿಯಲಿಲ್ಲ. ಸಮ್ಮೇಳನಗಳೂ ಬೇರೆ ಊರು ಹುಡುಕಿಕೊಂಡವು. ಮಕ್ಕಳು ಎಲ್ಲಿಗೆ ಹೋಗಬೇಕೆನ್ನುತ್ತಾರೋ ಅಲ್ಲಿಗೆ ಹಿರಿಯರ ಅಧಿವೇಶನವೂ ಹೋಗುತ್ತದೆ.

ಆಗ ಊರಿನವರು ಒಂದು ದೊಡ್ಡ ಪಣ ಒಡ್ಡಿದರು. 1964ರ ಆಗಸ್ಟ್ 24ರಿಂದ 27ರವರೆಗೆ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಅಧಿವೇಶನವನ್ನು ತಮ್ಮ ಕನ್ವೆನ್ಷನ್ ಹಾಲಿಗೆ ತಂದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ನಾಮಕರಣ ಖಚಿತವಾಗಿದ್ದ ಅಧಿವೇಶನ. ದೇಶವೆಲ್ಲ ಟಿ.ವಿ. ಮುಂದೆ ಕುಳಿತಿರುತ್ತದೆ, ಊರಿನ ವೈಭವ ಮನೆಮನೆಗೂ ತಲುಪುತ್ತದೆ ಎಂಬುದು ಆಸೆ. ಆದದ್ದೇ ಬೇರೆ. ಬಂದ ಸಾವಿರಾರು ಪ್ರತಿನಿಧಿಗಳೂ ಪತ್ರಕರ್ತರೂ ಕಂಡದ್ದು ಹಳೆಯ ಕೊಳಾಯಿ, ಸೆಕೆಯ ಕೋಣೆ, ಬಣ್ಣ ಮಾಸಿದ ಗೋಡೆ. ಸುಖದ ಊರು ಮುಪ್ಪಾದದ್ದನ್ನು ಪತ್ರಿಕೆಗಳು ಬರೆದವು.

ಆದರೆ ಆ ವಾರ ಇತಿಹಾಸದಲ್ಲಿ ಉಳಿದದ್ದು ಕೊಳಾಯಿಗಳಿಂದಲ್ಲ. ಮಿಸಿಸಿಪ್ಪಿ ರಾಜ್ಯದಿಂದ ಬಂದಿದ್ದ ಅಧಿಕೃತ ಪ್ರತಿನಿಧಿಗಳೆಲ್ಲ ಬಿಳಿಯರು. ಅಲ್ಲಿನ ಕಪ್ಪು ಜನರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವುದೇ ಪ್ರಾಣಾಪಾಯದ ಕೆಲಸ. ಅವರು ತಮ್ಮದೇ ‘ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ’ ಕಟ್ಟಿ, ಪ್ರತಿನಿಧಿಗಳನ್ನು ಆರಿಸಿ, ಬಸ್ಸುಗಳಲ್ಲಿ ಈ ಊರಿಗೆ ಬಂದರು. ಆಗಸ್ಟ್ 22ರಂದು ಪಕ್ಷದ ಅರ್ಹತಾ ಸಮಿತಿಯ ಮುಂದೆ ಫ್ಯಾನಿ ಲೂ ಹೇಮರ್ ಎಂಬ ಗೇಣಿದಾರ ಹೆಂಗಸು ಕುಳಿತರು. 1962ರಲ್ಲಿ ಮತದಾರಳಾಗಿ ನೋಂದಾಯಿಸಲು ಹೋದ ತಪ್ಪಿಗೆ 18 ವರ್ಷ ದುಡಿದ ತೋಟದಿಂದ ತಮ್ಮನ್ನು ಹೊರಹಾಕಿದ್ದನ್ನು, 1963ರಲ್ಲಿ ವಿನೋನ ಊರಿನ ಜೈಲಿನಲ್ಲಿ ತಮ್ಮನ್ನು ಬಡಿಸಿದ್ದನ್ನು ಅವರು ಹೇಳತೊಡಗಿದರು. ಕ್ಯಾಮೆರಾಗಳ ಕಣ್ಣು ಬೇರೆಡೆ ತಿರುಗಲೆಂದು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ಬಂದರು. ಉಪಾಯ ಫಲಿಸಲಿಲ್ಲ. ರಾತ್ರಿಯ ವಾರ್ತೆಯಲ್ಲಿ ಹೇಮರ್ ಮಾತು ಮತ್ತೆ ಪ್ರಸಾರವಾಗಿ ಇನ್ನಷ್ಟು ಜನರನ್ನು ಮುಟ್ಟಿತು.

ಪಕ್ಷದ ನಾಯಕರು ರಾಜಿಯಾಗಿ ಎರಡು ಸ್ಥಾನ ಕೊಡಲು ಮುಂದಾದರು. ಇಷ್ಟು ದೂರ ಬಂದದ್ದು ಎರಡು ಕುರ್ಚಿಗಾಗಿ ಅಲ್ಲ ಎಂದು ಹೇಮರ್ ಮತ್ತು ಸಂಗಡಿಗರು ಅದನ್ನು ನಿರಾಕರಿಸಿದರು. ಅವರ ಬೆಂಬಲಿಗರು ಹಾಲಿನ ಹೊರಗೆ ಹಲಗೆ ದಾರಿಯ ಮೇಲೆ ಹಗಲಿರುಳು ಕುಳಿತಿದ್ದರು. ಚಿಕನ್ ಬೋನ್ ಬೀಚ್ ಅಲ್ಲಿಂದ ಕೂಗಳತೆಯ ದೂರ. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆಗೆ ಜಾನ್ಸನ್ ಸಹಿ ಹಾಕಿ ಆಗ ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಅಧಿವೇಶನ ಮುಗಿದು ಮೂರು ದಿನಕ್ಕೆ, ಆಗಸ್ಟ್ 30ರಂದು, ಅದೇ ಹಾಲಿನಲ್ಲಿ ಬೀಟಲ್ಸ್ ತಂಡ ಹಾಡಿತು. ಊರಿಗೆ ಅದು ಮತ್ತೊಂದು ಕಾರ್ಯಕ್ರಮ.

1970ರಲ್ಲಿ ಜನಸಂಖ್ಯೆ 47,859ಕ್ಕೆ ಇಳಿದಿತ್ತು. ಒಂದೊಂದಾಗಿ ಹಳೆಯ ಹೋಟೆಲುಗಳು ನೆಲಸಮವಾದವು. 1976ರಲ್ಲಿ ನ್ಯೂಜೆರ್ಸಿಯ ಮತದಾರರು ಈ ಊರಿಗೆ ಮಾತ್ರ ಜೂಜಿಗೆ ಅನುಮತಿ ಕೊಟ್ಟರು. ಮೊದಲ ಕ್ಯಾಸಿನೊ 1978ರ ಮೇ 26ರಂದು ಬಾಗಿಲು ತೆರೆದದ್ದು ಒಂದು ಕಾಲಕ್ಕೆ ಗಾಯಾಳು ಸೈನಿಕರ ಆಸ್ಪತ್ರೆಯಾಗಿದ್ದ ಅದೇ ಹ್ಯಾಡನ್ ಹಾಲಿನಲ್ಲಿ. ಜೂಜಿನಿಂದ ಹಣ ಬಂತು. ಸಂಸಾರಗಳು ಮೊದಲಿನಂತೆ ಬರಲಿಲ್ಲ. ಜೂಜಿನ ಮೇಜಿಗೆ ಮಕ್ಕಳನ್ನು ಕರೆದೊಯ್ಯುವುದೆಂತು? ಬಸ್ಸಿನಲ್ಲಿ ಬಂದು, ಕಾಸು ಹಾಕಿ, ಸಂಜೆ ಬಸ್ಸಿನಲ್ಲಿ ಮರಳುವವರು ಹೆಚ್ಚಿದರು. ಬೂಟಿನ ಪೆಟ್ಟಿಗೆಯ ಬುತ್ತಿಯೊಂದು ಇರಲಿಲ್ಲ. ನೆರೆಯ ರಾಜ್ಯಗಳಲ್ಲೂ ಕ್ಯಾಸಿನೊಗಳು ತೆರೆದಾಗ ಅವರೂ ಕಡಿಮೆಯಾದರು. 2014ರ ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊಗಳು ಮುಚ್ಚಿದವು. ಊರು ಮತ್ತೆ ಸಮ್ಮೇಳನಗಳ ದಾರಿ ಕಾಯತೊಡಗಿತು. ‘ಅಕ್ಕ’ ಸಮ್ಮೇಳನದಂಥ ಕೂಟಗಳಿಗೆ ರಜೆಯ ವಾರಾಂತ್ಯದಲ್ಲೂ ಅಲ್ಲಿ ಎಡೆಯಿತ್ತು.

ಹಲಗೆ ದಾರಿಯಲ್ಲಿ ಆ ದಿನಗಳಲ್ಲಿ ಒಂದು ತಾಜ್‌ಮಹಲೂ ಇತ್ತು. 1990ರಲ್ಲಿ ತೆರೆದ, ಬಣ್ಣಬಣ್ಣದ ಗುಮ್ಮಟಗಳ, ಬಾಗಿಲಲ್ಲಿ ಕಲ್ಲಿನ ಆನೆಗಳ ಕ್ಯಾಸಿನೊ ಹೋಟೆಲು. 2016ರ ಜುಲೈ 1ರಿಂದ ಅದರ ಅಡುಗೆಯವರು, ಕೋಣೆ ಸ್ವಚ್ಛಗೊಳಿಸುವವರು, ಬಡಿಸುವವರು ಸೇರಿ ಸುಮಾರು ಒಂದು ಸಾವಿರ ನೌಕರರು ಮುಷ್ಕರ ಹೂಡಿದ್ದರು. ಕೈತಪ್ಪಿದ ಆರೋಗ್ಯ ವಿಮೆಯನ್ನೂ ಪಿಂಚಣಿಯನ್ನೂ ಮರಳಿ ಕೊಡಬೇಕೆಂಬುದು ಬೇಡಿಕೆ. ಹೋಟೆಲನ್ನೇ ಮುಚ್ಚುವುದಾಗಿ ಆಗಸ್ಟ್‌ನಲ್ಲಿ ಆಡಳಿತ ಘೋಷಿಸಿತು. ಕನ್ನಡದ ಸಂಸಾರಗಳು ಊರಿಗೆ ಬಂದ ಆ ಕಾರ್ಮಿಕ ದಿನದ ವಾರಾಂತ್ಯದಲ್ಲಿ ಮುಷ್ಕರ ಇನ್ನೂ ಮುಗಿದಿರಲಿಲ್ಲ. ಅಕ್ಟೋಬರ್ 10ರಂದು ತಾಜ್‌ಮಹಲಿನ ಬಾಗಿಲು ಮುಚ್ಚಿತು. ಹತ್ತಿರ ಹತ್ತಿರ 3 ಸಾವಿರ ಜನ ಕೆಲಸ ಕಳೆದುಕೊಂಡರು. 2018ರ ಜೂನ್‌ನಲ್ಲಿ ಅದೇ ಕಟ್ಟಡ ಬೇರೆ ಮಾಲೀಕರ ಕೈಯಲ್ಲಿ, ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು. ಆ ವರ್ಷದ ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳು ಉಳಿದಿತ್ತು.